ಟಗರು ಮರಿ ಕೊಬ್ಬಿಸುವವರು ಕಾಳಿಗೆ ಅವಸರ ಮಾಡಬೇಡಿ

ಬಕ್ರೀದ್‌ಗೆಂದು ಸಿಂಧನೂರು, ಗಂಗಾವತಿ ಕಡೆ ಕೆಂಗುರಿ ತಳಿಯ ಟಗರು ಮರಿ ತಂದು ಕಟ್ಟುವವರು ಇಲ್ಲಿ ತುಂಬಾ ಜನ ಇದ್ದೀರಿ. ಒಂದು ಮಾತು ಹೇಳಬೇಕು ಅನಿಸಿತು.

ತಂದ ದಿನವೇ ಮೆಕ್ಕೆಜೋಳ ಸುರಿಯಬೇಡಿ. ನಾನು ಹಾಗೆ ಮಾಡಿ ಎರಡು ಮರಿ ಕಳೆದುಕೊಂಡೆ. ಹೊಟ್ಟೆಯಲ್ಲಿ ಹುಳಿ ಏರಿ, ಉಬ್ಬಿ, ಮರುದಿನ ಬೆಳಗಾಗುವಷ್ಟರಲ್ಲಿ ಸತ್ತಿದ್ದವು. ಇವತ್ತಿಗೂ ಸಂಕಟ ಆಗುತ್ತದೆ.

ಮೊದಲ ವಾರ ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಜೋಳದ ಸೊಪ್ಪೆ ಸಾಕು. ಜೊತೆಗೆ ಒಂದು ಮರಿಗೆ ದಿನಕ್ಕೆ 50 ಗ್ರಾಂ ಕಾಳಿನ ನುಚ್ಚು. ಆಮೇಲೆ ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ, ಮೂರು ವಾರದಲ್ಲಿ 250–300 ಗ್ರಾಂಗೆ ತನ್ನಿ. ಅದನ್ನೂ ಬೆಳಿಗ್ಗೆ, ಸಂಜೆ ಎರಡು ಪಾಲು ಮಾಡಿ, ಹೊಟ್ಟು ತಿಂದ ಮೇಲೆಯೇ ಹಾಕಿ. ನುಚ್ಚಿನ ಜೊತೆ ಶೇಂಗಾ ಹಿಂಡಿ ಬೆರೆಸಿದರೆ ಮೈ ಚೆನ್ನಾಗಿ ಕಟ್ಟುತ್ತದೆ.

ಗಂಡು ಮರಿಗೆ ಕಾಳು ಜಾಸ್ತಿ, ನೀರು ಕಡಿಮೆ ಆದರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ನಮ್ಮ ಬಿಸಿಲು ಗೊತ್ತಲ್ವಾ? ಉಪ್ಪು, ತಣ್ಣೀರು ಯಾವಾಗಲೂ ಇರಲಿ.

ಜಂತಿನ ಔಷಧಿ, ಕರುಳು ಬೇನೆ ಲಸಿಕೆ ಪಶು ಡಾಕ್ಟರನ್ನು ಕೇಳಿ ಮೊದಲೇ ಹಾಕಿಸಿ.

15 ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಏರುವುದು ನಿಂತರೆ ಮಾರಿಬಿಡಿ, ಸುಮ್ನೆ ಹಿಂಡಿ ಖರ್ಚು ಬೇಡ.