ಕೀಮೋ ವಾರ್ಡಿನ ಪಕ್ಕ ಗೋಡೆ ಒಡೆಯುವಾಗ

ಹಾಸನದ ಆಸ್ಪತ್ರೆಯೊಂದರಲ್ಲಿ ನಾನು ಸೋಂಕು ನಿಯಂತ್ರಣ ನರ್ಸ್. ಕ್ಯಾನ್ಸರ್ ರೋಗಿಗಳಿಗೆ ಔಷಧಿ ಕೊಡುವ ನಮ್ಮ ಕೀಮೋ ವಾರ್ಡಿಗೆ ಅಂಟಿಕೊಂಡ ಬಾತ್‌ರೂಮಿನ ಗೋಡೆ ಮಳೆಗಾಲವಿಡೀ ಒಸರಿ ಕಪ್ಪಗೆ ಬೂಸ್ಟು ಹಿಡಿದಿತ್ತು. ಒಡೆದು ಪೈಪ್ ಬದಲಿಸದೆ ಬೇರೆ ದಾರಿಯಿರಲಿಲ್ಲ. “ಬಾಗ್ಲು ಹಾಕ್ಕೊಂಡು ಒಡೆದುಬಿಡ್ತೀವಿ ಸಿಸ್ಟರ್, ಆಮೇಲೆ ಫ್ಯೂಮಿಗೇಷನ್ ಮಾಡ್ಸಿ” ಎಂದ ಮೇಸ್ತ್ರಿ. ನಾನು ಒಪ್ಪಲಿಲ್ಲ.

ಅಂಥ ಗೋಡೆಯ ಧೂಳಿನಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರದ ಬೀಜಕಣಗಳಿರುತ್ತವೆ. ಗಾತ್ರ 2–3 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಷ್ಟೆ. ಒಮ್ಮೆ ಎದ್ದರೆ ಗಂಟೆಗಟ್ಟಲೆ ತೇಲುತ್ತವೆ. ಗಟ್ಟಿಯಿರುವವರು ದಿನವೂ ಉಸಿರಿನಲ್ಲಿ ಎಳೆದುಕೊಂಡು ಅರಗಿಸಿಕೊಳ್ಳುತ್ತಾರೆ. ಕೀಮೋ ಆಗಿ, ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ ಮೈಕ್ರೋಲೀಟರ್ ರಕ್ತಕ್ಕೆ 500ಕ್ಕಿಂತ ಕೆಳಗಿಳಿದವರ ಶ್ವಾಸಕೋಶದಲ್ಲಿ ಅದೇ ಕಣ ಮೊಳೆಯಬಹುದು. ಧೂಳು ಎದ್ದಮೇಲೆ ಹೊಗೆ ಹಾಕಿ ಏನು ಪ್ರಯೋಜನ? ಫ್ಯೂಮಿಗೇಷನ್ ಮನಸ್ಸಿನ ಸಮಾಧಾನಕ್ಕೆ ಎಂಬುದು ನನ್ನ ಅಭಿಪ್ರಾಯ.

ಮೊದಲು, ಈ ಬಿಳಿ ರಕ್ತಕಣ ತೀರಾ ಕಡಿಮೆಯಿದ್ದವರನ್ನು ಕಟ್ಟಡದ ಇನ್ನೊಂದು ತುದಿಗೆ ಸಾಗಿಸಿದೆವು. ನೆಲದಿಂದ ಛಾವಣಿಯವರೆಗೆ ದಪ್ಪ ಪ್ಲಾಸ್ಟಿಕ್ ಶೀಟ್ ಎಳೆದು ಅಂಚಿಗೆಲ್ಲ ಟೇಪ್ ಹಚ್ಚಿಸಿದೆ. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಸದಾ ಓಡುತ್ತಿರಬೇಕು, ಗಾಳಿ ವಾರ್ಡಿನಿಂದ ಅತ್ತ ಹೋಗಬೇಕೇ ಹೊರತು ಇತ್ತ ಬರಬಾರದು. ಶೀಟಿನ ಸಂದಿಯಲ್ಲಿ ಟಿಶ್ಯೂ ಚೂರು ಹಿಡಿದು ಅದು ಯಾವ ಕಡೆ ವಾಲುತ್ತದೆಂದು ನೋಡುತ್ತಿದ್ದೆ. ಗೋಡೆಗೆ ನೀರು ಚಿಮುಕಿಸಿಯೇ ಒಡೆಯುವುದು; ಕಲ್ಲುಮಣ್ಣು ಮುಚ್ಚಿದ ಚೀಲದಲ್ಲಿ ಹಿಂದಿನ ಮೆಟ್ಟಿಲಿಂದ. ಪೊರಕೆ ನಿಷಿದ್ಧ, ಒದ್ದೆ ಮಾಪ್ ಮಾತ್ರ. ಸ್ಕ್ಯಾನಿಂಗಿಗೆ ಹೋಗುವ ರೋಗಿಗೆ ಎನ್-95 ಮಾಸ್ಕ್. ಕೆಲಸ ಮುಗಿದ ಮೇಲೂ ಆ್ಯಂಟಿಬಯಾಟಿಕ್‌ಗೆ ಬಗ್ಗದ ಜ್ವರ ಯಾರಿಗಾದರೂ ಬಂತೇ ಎಂದು ದಿನವೂ ಚಾರ್ಟ್ ನೋಡಿದೆ. ಅಂಥ ಜ್ವರವಿದ್ದರೆ ಡಾಕ್ಟರು ಎದೆಯ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ಆಸ್ಪರ್ಜಿಲಸ್ ರೋಗಿಯಿಂದ ರೋಗಿಗೆ ಅಂಟುವುದಿಲ್ಲ. ಐಸಿಯುನಲ್ಲಿ ಕಾಡುವ ಕ್ಯಾಂಡಿಡಾ ಆರಿಸ್ ಎಂಬ ಇನ್ನೊಂದು ಶಿಲೀಂಧ್ರ ಹಾಗಲ್ಲ. 2009ರಲ್ಲಿ ಜಪಾನಿನಿಂದ ಮೊದಲು ವರದಿಯಾದ ಇದು ಮಂಚದ ಕಂಬಿ, ಬಿಪಿ ಪಟ್ಟಿ, ನಮ್ಮ ಕೈಗಳ ಮೂಲಕವೇ ದಾಟುತ್ತದೆ. ಕೈಗೆ ಆಲ್ಕೋಹಾಲ್ ರಬ್ ಸಾಕು. ಮಂಚ, ಮೇಜಿಗೆ ಮಾಮೂಲಿ ನೆಲ ಒರೆಸುವ ದ್ರಾವಣ ನಂಬಬೇಡಿ. ಹಲವಕ್ಕೆ ಇದು ಸಾಯುವುದಿಲ್ಲ. ನಾವು ಶೇ 5ರ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ದಿನವೂ ಹೊಸದಾಗಿ ಕಲಸುತ್ತೇವೆ. ಹಚ್ಚಿ ಹತ್ತು ನಿಮಿಷ ಬಿಟ್ಟು ನೀರಲ್ಲಿ ಒರೆಸಬೇಕು, ಇಲ್ಲದಿದ್ದರೆ ಸ್ಟೀಲ್ ತುಕ್ಕು ಹಿಡಿಯುತ್ತದೆ.

ಇಷ್ಟೆಲ್ಲ ಸುಲಭ. ಕಷ್ಟವೆಂದರೆ ಮನೆಯವರು. ಸಕಲೇಶಪುರದ ಕಡೆಯ ಅಜ್ಜಿಯೊಬ್ಬರು ಮಗನ ಮಂಚಕ್ಕೆ ಮುಗ್ಗಲು ವಾಸನೆಯ ಕಂಬಳಿ ಹಾಸಿದ್ದರು. “ಅವ್ನಿಗೆ ಕಂಬ್ಳಿ ಇಲ್ದೆ ನಿದ್ದೆ ಬರಲ್ಲ ಕಣವ್ವ.” ಗದರಲು ಮನಸ್ಸಾಗಲಿಲ್ಲ. ನಮ್ಮ ಲಾಂಡ್ರಿಯ ಡ್ರೈಯರಿನಿಂದ ಆಗಷ್ಟೇ ತೆಗೆದ ಬಿಸಿ ಹೊದಿಕೆ ಎರಡು ತರಿಸಿ ಕೊಟ್ಟೆ. ಮುಟ್ಟಿ ನೋಡಿ, ಕಂಬಳಿಯನ್ನು ತಾವೇ ಮಡಚಿ ಚೀಲಕ್ಕೆ ಹಾಕಿಕೊಂಡರು.