ಹಗ್ಗ ಹಾಸಿ ಕಟ್ಟಿಕೊಂಡ ‘ಪೋಸ್ಟೇಜ್ ಸ್ಟ್ಯಾಂಪ್’

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿರುವ ರಾಯಲ್ ಟ್ರೂನ್ ಗಾಲ್ಫ್ ಕೋರ್ಸಿನ ಎಂಟನೇ ಹೋಲ್, ಅಂದರೆ ಚೆಂಡು ಹೊಡೆದು ಗುಳಿಗೆ ಇಳಿಸಬೇಕಾದ ಎಂಟನೇ ಹಾದಿ, ಬರೀ 123 ಯಾರ್ಡ್. ಬ್ರಿಟನ್ನಿನ ಓಪನ್ ಚಾಂಪಿಯನ್‌ಶಿಪ್ ನಡೆಯುವ ಕೋರ್ಸುಗಳಲ್ಲಿ ಇದಕ್ಕಿಂತ ಚಿಕ್ಕ ಹೋಲ್ ಇನ್ನೊಂದಿಲ್ಲ. ಗ್ರೀನ್ (ಗುಳಿಯ ಸುತ್ತ ಹುಲ್ಲು ಸಣ್ಣಗೆ ಕತ್ತರಿಸಿದ ಜಾಗ) ಅಂಚೆಚೀಟಿಯಷ್ಟೇ ಇದೆ ಅಂತ ಗಾಲ್ಫ್ ಆಟಗಾರ ವಿಲ್ಲಿ ಪಾರ್ಕ್ ಜೂನಿಯರ್ ಬರೆದದ್ದೇ ಅದಕ್ಕೆ ‘ಪೋಸ್ಟೇಜ್ ಸ್ಟ್ಯಾಂಪ್’ ಅನ್ನೋ ಹೆಸರಾಗಿ ನಿಂತಿತು. 1950ರ ಓಪನ್‌ನಲ್ಲಿ ಜರ್ಮನಿಯ ಹರ್ಮನ್ ಟಿಸ್ಸೀಸ್ ಇಲ್ಲಿ 15 ಹೊಡೆತ ಹೊಡೆದರು. 1973ರಲ್ಲಿ 71 ವರ್ಷದ ಜೀನ್ ಸರಾಜೆನ್ 5 ಐರನ್ ಅನ್ನೋ ಕ್ಲಬ್ (ಗಾಲ್ಫ್ ಕೋಲು) ಹಿಡಿದು ಒಂದೇ ಹೊಡೆತಕ್ಕೆ ಮುಗಿಸಿದರು. ಮರುದಿನ ಬಂಕರಿಗೆ, ಅಂದರೆ ಮರಳು ಗುಂಡಿಗೆ, ಬಿದ್ದ ಚೆಂಡನ್ನು ಅಲ್ಲಿಂದಲೇ ಗುಳಿಗೆ ಇಳಿಸಿದರು. ಎರಡು ದಿನವೂ ಇಲ್ಲಿ ಗ್ರೀನಿನ ಮೇಲೆ ಚೆಂಡು ಉರುಳಿಸುವ ಪಟರ್ ಮುಟ್ಟಲೇ ಇಲ್ಲ.

ಇಷ್ಟು ಚಿಕ್ಕ ಹೋಲ್ ಯಾಕೆ ಇಷ್ಟು ಕಾಡುತ್ತೆ ಅನ್ನೋದು ಚಿತ್ರ ನೋಡಿದರೆ ತಲೆಗೆ ಹತ್ತೋದಿಲ್ಲ. ಚಿಕ್ಕಮಗಳೂರಿನ ಇಳಿಜಾರು ನೆಲದಲ್ಲೇ ಅದರ ಅಳತೆ ಹಾಸಿ ಆಡಿದಾಗ ಮಾತ್ರ ಗೊತ್ತಾಗುತ್ತೆ.

ಮೊದಲ ಹೊಡೆತ ಹೊಡೆಯುವ ಟೀ ಎತ್ತರದಲ್ಲಿ, ನಡುವೆ ತಗ್ಗು, ಆಚೆ ಗ್ರೀನ್: ಇಂಥ ಜಾಗ ನಮ್ಮಲ್ಲಿ ಬೇಕಾದಷ್ಟಿದೆ. ಆಚೆ ಬದಿಗೆ 30 ಹೆಜ್ಜೆ ಉದ್ದ, 10 ಹೆಜ್ಜೆ ಅಗಲ ಬರುವಂತೆ ನೈಲಾನ್ ಹಗ್ಗ ಹಾಸಿ, ಎರಡು ಹೆಜ್ಜೆಗೊಂದು ಗೂಟ ಹೊಡೆಯುತ್ತೇನೆ. ಗೂಟ ದೂರ ದೂರ ಇದ್ದರೆ ಹಗ್ಗ ಸರಿದು ಗ್ರೀನ್ ತಾನಾಗಿ ಅಗಲವಾಗುತ್ತೆ, ಅಭ್ಯಾಸ ಸುಳ್ಳಾಗುತ್ತೆ. ಐದು ಬಂಕರಿಗೆ ಸುಣ್ಣದ ಗುರುತು: ಎಡಕ್ಕೆ ಎರಡು, ಮುಂದೆ ದೊಡ್ಡದೊಂದು, ಬಲಕ್ಕೆ ಎರಡು. ಎಡದ ಒಂದಕ್ಕೆ ಅಲ್ಲಿ ‘ಕಾಫಿನ್’ ಅಂತಾರೆ, ಶವಪೆಟ್ಟಿಗೆ. ಅಷ್ಟು ಕಿರಿದು, ಉದ್ದ. ಅದರಲ್ಲಿ ಸರಿಯಾಗಿ ಕಾಲೂರಿ ನಿಲ್ಲೋದೇ ಕಷ್ಟ.

ಬಂಕರಿನ ಗೋಡೆಗೆ ಗೋಣಿಚೀಲವೇ ಸಾಕು. ಕಾಫಿ ಹೊಟ್ಟು ತುಂಬಿ, ಒಂದರ ಮೇಲೊಂದು ನಾಲ್ಕು, ಪಕ್ಕಪಕ್ಕಕ್ಕೆ ಮೂರು ಸಾಲು. ಹಿಂದೆ ಸಿಲ್ವರ್ ಓಕ್ ಮರದ ಕಂಬ ಒತ್ತು ಕೊಡಬೇಕು, ಇಲ್ಲದಿದ್ದರೆ ಹಗುರಾದ ಚೀಲ ಹೊಡೆತಕ್ಕೆ ಮಗುಚುತ್ತೆ. ಬುಡಕ್ಕೆ ಅರ್ಧ ಅಡಿ ಮರಳು. ಕೆಳಗೆ ತಗುಲಿದ ಚೆಂಡು ‘ಧಪ್’ ಅಂತ ಸದ್ದು ಮಾಡಿ, ಚೀಲದಲ್ಲೊಂದು ಗುಂಡಿ ಬಿಟ್ಟು, ನಿಮ್ಮ ಕಾಲ ಬುಡಕ್ಕೇ ಜಾರಿ ಬರುತ್ತೆ. ಎರಡನೇ ಸಲ ಇನ್ನೂ ಹತ್ತಿರ, ಗೋಡೆಗೆ ಅಂಟಿಕೊಂಡು. ಟಿಸ್ಸೀಸ್ ಅವರ 15 ಅರ್ಥವಾಗೋದು ಇಲ್ಲಿ. ಗೋಡೆಯಿಂದ ಎರಡಡಿ ಒಳಗೆ ಚೆಂಡಿದ್ದರೆ ಗುಳಿಯ ಫ್ಲ್ಯಾಗ್ ಮರೆತು ಅಡ್ಡಕ್ಕೆ ತೆಗೆಯೋದೇ ಸರಿ.

ಈಗ ದೂರದ ಲೆಕ್ಕ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಗಾಳಿ ತೆಳು, ಚೆಂಡು ಶೇ 3ರಿಂದ 4 ಹೆಚ್ಚು ಹಾರುತ್ತೆ. ಇಲ್ಲಿ 125 ಯಾರ್ಡ್ ಹೋಗುವ 9 ಐರನ್ ಕಡಲ ದಂಡೆಯಲ್ಲಿ 120. ಅಲ್ಲಿನ ಚಳಿಗೆ ಇನ್ನೂ ಕಮ್ಮಿ. ಅದಕ್ಕೇ ಇಲ್ಲಿ ಹಗ್ಗದವರೆಗಿನ ದೂರವನ್ನು 123ರ ಬದಲು 130 ಇಟ್ಟುಕೊಳ್ಳುತ್ತೇನೆ. ಎದುರುಗಾಳಿ ಗಂಟೆಗೆ 15 ಕಿ.ಮೀ. ಇದ್ದರೆ ಒಂದು ಅಂಕಿ ಕಮ್ಮಿಯ, ಇನ್ನೂ ದೂರ ಹೊಡೆಯುವ ಕ್ಲಬ್. ಗಾಳಿಯಿಲ್ಲದ ದಿನ ಪಳಗಿದವರಿಗೆ ವೆಜ್ (9 ಐರನ್‌ಗಿಂತ ಕಮ್ಮಿ ದೂರ ಹೊಡೆಯುವ ಕ್ಲಬ್) ಸಾಕಾಗುವ ಈ ಹೋಲಿಗೆ ಸರಾಜೆನ್ 5 ಐರನ್ ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಗಾಳಿಗೆ ಜೋರಾಗಿ ಹೊಡೆಯೋದೇ ಎಲ್ಲರೂ ಮಾಡುವ ತಪ್ಪು. ಜೋರು ಹೆಚ್ಚಿದಷ್ಟೂ ಚೆಂಡಿನ ಹಿಮ್ಮುಖ ಸುತ್ತು ಹೆಚ್ಚುತ್ತೆ, ಚೆಂಡು ಮೇಲೆದ್ದು ಗಾಳಿಪಟದ ಹಾಗೆ ನಿಂತು ಮುಂದಿನ ಬಂಕರಿಗೆ ಬೀಳುತ್ತೆ. ಕ್ಲಬ್ಬನ್ನು ಒಂದೂವರೆ ಇಂಚು ಕೆಳಗೆ ಹಿಡಿಯಿರಿ. ಚೆಂಡು ನಡುವಿಗಿಂತ ಒಂದು ಚೆಂಡಿನಷ್ಟು ಹಿಂದಿರಲಿ, ಮೈಭಾರ ಮುಂಗಾಲ ಮೇಲೆ ಸ್ವಲ್ಪ ಹೆಚ್ಚು. ಮುಕ್ಕಾಲು ಸ್ವಿಂಗ್, ಕೈ ಎದೆಮಟ್ಟಕ್ಕೆ ಬಂದು ನಿಲ್ಲಬೇಕು.

ಫ್ಲ್ಯಾಗ್ ಎಲ್ಲೇ ಇರಲಿ, ಗುರಿ ಗ್ರೀನಿನ ನಡು. ಅಲ್ಲಿಂದ ಅಂಚಿಗೆ ಎರಡು ಬದಿಗೂ ಐದೇ ಹೆಜ್ಜೆ. ಅಂಚಿನ ಫ್ಲ್ಯಾಗಿಗೆ ಗುರಿಯಿಟ್ಟರೆ ಆ ಐದೂ ಉಳಿಯೋದಿಲ್ಲ. ಇಪ್ಪತ್ತು ಚೆಂಡು ಹೊಡೆದು ಹಗ್ಗದೊಳಗೆ ನಿಂತವನ್ನಷ್ಟೇ ಎಣಿಸಬೇಕು. ಒಳಗೆ ಬಿದ್ದು ಹೊರಗುರುಳಿದ್ದು ಲೆಕ್ಕಕ್ಕಿಲ್ಲ.

ಈ ಅಭ್ಯಾಸಕ್ಕೆ ಫೆಬ್ರವರಿ ಸರಿಯಾದ ಕಾಲ. ನೆಲ ಗಟ್ಟಿ, ಚೆಂಡು ಕಡಲ ದಂಡೆಯಲ್ಲಿನ ಹಾಗೇ ಪುಟಿದು ಓಡುತ್ತೆ. ಅಲ್ಲಿ ಮರಳು ನೆಲ, ಮಳೆ ಬಿದ್ದರೂ ನೀರು ಇಂಗಿ ಹೋಗುತ್ತೆ. ನಮ್ಮ ಕೆಂಪು ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತೆ. ಕಾಫಿ ಹೂ ಅರಳಿಸುವ ಒಂದು ಒಳ್ಳೇ ಹೂಮಳೆ ಬಿದ್ದರೆ ಚೆಂಡು ಬಿದ್ದಲ್ಲೇ ಹೂತು ನಿಲ್ಲುತ್ತೆ. ಅವತ್ತಿಗೆ ಹಗ್ಗ ಸುತ್ತಿಟ್ಟು, ಹೊಟ್ಟನ್ನು ಗೊಬ್ಬರದ ಗುಂಡಿಗೆ ಸುರಿಯುತ್ತೇನೆ.