ದನ ಹೊರಗೆ, ಇಂಜಿನ್ ಒಳಗೆ

ಹಳೇ ಟೆಂಪೋ ಟ್ರಾವೆಲರ್ ಒಂದಕ್ಕೆ ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿಕೊಂಡು ನಾನೂ ಹೆಂಡತಿಯೂ ಊರೂರು ಸುತ್ತುತ್ತೇವೆ. ಕಳೆದ ಡಿಸೆಂಬರಿನಲ್ಲಿ ಶಿವಮೊಗ್ಗದಿಂದ ಘಟ್ಟ ಇಳಿದು ಬ್ರಹ್ಮಾವರದ ಹತ್ತಿರದ ಒಂದು ಹಳ್ಳಿಗೆ ಹೋದೆವು. ಅಲ್ಲಿ ನಿವೃತ್ತ ಮೆಕ್ಯಾನಿಕ್ ಒಬ್ಬರು ಹಳೇ ಮಿಷಿನ್‌ಗಳನ್ನು ಸೇರಿಸಿ ಇಟ್ಟಿದ್ದಾರೆ ಅಂತ ಗೆಳೆಯ ಹೇಳಿದ್ದ. ಬೋರ್ಡಿಲ್ಲ, ಟಿಕೆಟ್ಟಿಲ್ಲ. ಫೋನ್ ಮಾಡಿ ಹೋಗಬೇಕು.

ಹೆದ್ದಾರಿ 66 ಬಿಟ್ಟು ಒಳಗೆ ತಿರುಗಿದ ಮೇಲೆ ಕಷ್ಟ ಶುರುವಾಯಿತು. ಎರಡೂ ಕಡೆ ಕೆಂಪುಕಲ್ಲಿನ ಗೋಡೆ, ಮೇಲೆ ಕೇಬಲ್ ವಯರು, ತೆಂಗಿನ ಗರಿ. ಸೋಲಾರ್ ಪ್ಯಾನೆಲ್ ಸೇರಿ ನಮ್ಮ ಗಾಡಿ ಒಂಬತ್ತು ಅಡಿ ಎತ್ತರ. ಇಂಥ ಕಡೆ ನಾನು ಗಾಡಿ ನಿಲ್ಲಿಸಿ, ಒಂಬತ್ತಡಿಗೆ ಗುರುತು ಹಾಕಿದ ಬಿದಿರು ಕೋಲು ಹಿಡಿದು ಮೊದಲು ನಡೆದು ನೋಡಿ ಬರುತ್ತೇನೆ. ನೋಡಿದವರು ನಗುತ್ತಾರೆ, ನಗಲಿ. ಕೊನೆಯ ತಿರುವಿನಲ್ಲಿ ಹಲಸಿನ ಕೊಂಬೆಯೊಂದು ಅರ್ಧ ಅಡಿ ಕೆಳಗೇ ಇತ್ತು. ಗದ್ದೆಯವರನ್ನು ಕೇಳಿ, ಕೊಯ್ಲು ಮುಗಿದ ಗದ್ದೆಯಲ್ಲಿ ಗಾಡಿ ನಿಲ್ಲಿಸಿದೆವು.

ಮೆಕ್ಯಾನಿಕ್ ಯಜಮಾನರು ಅಲ್ಲಿಗೇ ಬಂದು ಗಾಡಿಗೆ ಒಂದು ಸುತ್ತು ಹಾಕಿದರು. "ಹ್ವಾಯ್, ಎಂತ ಮರ್ರೆ, ಮನೀನೇ ಹೊತ್ಕಂಡ್ ಬಂದ್ರಿಯಾ?"

ಅವರ ಮಿಷಿನ್‌ಗಳೆಲ್ಲ ಇರುವುದು ದನದ ಹಟ್ಟಿಯಲ್ಲಿ. ದನಗಳಿಗೆ ಹಿತ್ತಿಲಲ್ಲಿ ತಗಡಿನ ಮಾಡು. ಅವರ ಹೆಂಡತಿ ಇದನ್ನು ಇನ್ನೂ ಒಪ್ಪಿಲ್ಲ. "ದನ ಹಾಲಾರೂ ಕೊಡತ್ತ್" ಅಂದರು.

ಒಳಗೆ ಬೆಲ್ಟಿನ ಅಕ್ಕಿ ಮಿಲ್ಲು, ಬಯಲಾಟಕ್ಕೆ ರಾತ್ರಿಯಿಡೀ ಉರಿದ ಗ್ಯಾಸ್‌ಲೈಟುಗಳು, ಕಾಲಲ್ಲಿ ತುಳಿದು ಮುದ್ರಿಸುವ ಟ್ರೆಡಲ್ ಪ್ರೆಸ್ಸು, ಹಂಚು ಒತ್ತುವ ಅಚ್ಚು. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯ ಹೊಳೆದಂಡೆಗಳಲ್ಲಿ ಎಷ್ಟೋ ಚಿಮಣಿಗಳು ಎದ್ದಿದ್ದವಲ್ಲ, ಅಂಥದ್ದೊಂದು ಮುಚ್ಚಿದಾಗ ಗುಜರಿ ಬೆಲೆಗೆ ತಂದದ್ದಂತೆ.

ಓಡದ ಮಿಷಿನ್ ಅವರಿಗೆ ಬೇಡ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಮೇಲಿಂದ ಉಪ್ಪುಗಾಳಿ. ಸುಮ್ನೆ ನಿಲ್ಲಿಸಿದರೆ ತುಕ್ಕು ತಿಂದು ಮುಗಿಸುತ್ತದೆ. ಹಾಗಾಗಿ ಪ್ರತಿ ಭಾನುವಾರ ಸರದಿಯಲ್ಲಿ ಒಂದನ್ನು ಓಡಿಸುತ್ತಾರೆ. ನಾವು ಹೋದದ್ದು ಶನಿವಾರ ಮಧ್ಯಾಹ್ನ, ಎರಡು ಗಂಟೆ ನೋಡಿ ಹೊರಡುವ ಅಂದಾಜಿನಲ್ಲಿ. ಮರುದಿನ ಲಿಸ್ಟರ್ ಎಂಬ ಹಳೇ ಇಂಗ್ಲಿಷ್ ಡೀಸೆಲ್ ಇಂಜಿನ್ನಿನ ಸರದಿ ಅಂತ ಗೊತ್ತಾದ ಮೇಲೆ ಹೊರಡುವುದು ಹೇಗೆ? ಹಾಸಿಗೆ ಹೇಗೂ ಗದ್ದೆಯಲ್ಲೇ ಇತ್ತು.

ಸಂಜೆ ತಯಾರಿ ನಡೆದಾಗ "ಅರ್ಧ ಇಂಚಿನ ಸ್ಪ್ಯಾನರ್ ಕೊಡಿ" ಅಂದರು. ಗಾಡಿಗೆ ಓಡಿ ನನ್ನದನ್ನೇ ತಂದೆ. ನಟ್ಟಿಗೆ ಅದರ ಬಾಯಿ ಹಿಡಿಯಲೇ ಇಲ್ಲ. ಅವರು ನಕ್ಕು ಅವರದ್ದು ತೋರಿಸಿದರು: ಮೇಲೆ ಅರ್ಧ ಇಂಚು ಅಂತಲೇ ಬರೆದಿದೆ, ಬಾಯಿ ಮಾತ್ರ 23 ಮಿಲಿಮೀಟರಿಗೂ ಸ್ವಲ್ಪ ಜಾಸ್ತಿ. ಹಳೇ ಇಂಗ್ಲಿಷ್ ಮಿಷಿನ್‌ಗಳದ್ದು ವಿಟ್‌ವರ್ತ್ ಅಳತೆ. ಸ್ಪ್ಯಾನರ್ ಮೇಲಿನ ಅಂಕಿ ಬೋಲ್ಟಿನ ದಪ್ಪ, ಬಾಯಿಯ ಅಗಲ ಅಲ್ಲ. ಜೋಸೆಫ್ ವಿಟ್‌ವರ್ತ್ ಈ ಮರೆಯ, ಅಂದರೆ ಬೋಲ್ಟಿನ ತಿರುಪು ಸುತ್ತುಗಳ, ಅಳತೆ ಮುಂದಿಟ್ಟದ್ದು 1841ರಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಪ್ರೆಸ್ ಶುರುವಾದದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧ ಏನಿಲ್ಲ, ಟ್ರೆಡಲ್ ಪಕ್ಕ ನಿಂತಿದ್ದಾಗ ನೆನಪಾಯಿತು ಅಷ್ಟೆ.

ಬೆಳಿಗ್ಗೆ ಹ್ಯಾಂಡಲ್ ನನ್ನ ಕೈಗೆ ಕೊಟ್ಟರು. ಆರು ಕುದುರೆಶಕ್ತಿ, ಒಂದೇ ಸಿಲಿಂಡರ್, ಎರಡು ಕಡೆ ದೊಡ್ಡ ಚಕ್ರ. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಉಳಿದ ಬೆರಳುಗಳ ಕಡೆಗೇ ಇರಬೇಕು. ಇಂಜಿನ್ ಹಿಂದಕ್ಕೆ ಒದ್ದರೆ ಸುತ್ತಿದ ಹೆಬ್ಬೆರಳು ಮುರಿದ ಹಾಗೇ. ಹೊಗೆ ಬಿಡುವ ವಾಲ್ವನ್ನು ಸಣ್ಣ ಲಿವರಿನಿಂದ ತೆರೆದು ಹಿಡಿದರೆ ಒಳಗೆ ಒತ್ತಡವಿಲ್ಲ, ಚಕ್ರ ಹಗುರವಾಗಿ ತಿರುಗುತ್ತದೆ. ವೇಗ ಬಂದಾಗ ಲಿವರ್ ಬಿಡಬೇಕು. ಮೊದಲ ಸಲ ಬೇಗ ಬಿಟ್ಟೆ, ಒಂದು ಸಲ ಬುಸ್ ಎಂದು ನಿಂತಿತು. ಎರಡನೇ ಸಲ ಡುಮ್... ಡುಮ್... ಡುಮ್. ಬಚ್ಚಲ ಒಲೆಯಂತೆ ಹೊಗೆ. ನಿಮಿಷಕ್ಕೆ 650 ಸುತ್ತು ಅಷ್ಟೇ, ಆದರೂ ನೆಲ ನಡುಗುತ್ತದೆ. ಪಕ್ಕದಲ್ಲಿ ನೀರಿನ ಡ್ರಮ್ಮು, ಎರಡು ಪೈಪು. ಬಿಸಿನೀರು ತಾನೇ ಮೇಲೇರುತ್ತದೆ, ತಣ್ಣೀರು ಕೆಳಗಿಂದ ಬರುತ್ತದೆ. ಪಂಪೇ ಬೇಡ. ಸುಮಾರು ಹೊತ್ತು ನಾನು ಆ ಡ್ರಮ್ಮನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಹೊರಡುವಾಗ ದುಡ್ಡು ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡರು. 5/8 ಇಂಚಿನ ವಿಟ್‌ವರ್ತ್ ಸ್ಪ್ಯಾನರ್ ಕಳೆದಿದೆ, ನಿಮ್ಮೂರಲ್ಲಿ ಸಿಕ್ಕಿದರೆ ತನ್ನಿ ಎಂದರು. ಶಿವಮೊಗ್ಗದ ಗುಜರಿ ಅಂಗಡಿಗಳಲ್ಲಿ ಮೂರು ವಾರ ಹುಡುಕಿದೆ. ಸಿಕ್ಕಿದೆ, ಗಾಡಿಯ ಡ್ಯಾಶ್‌ಬೋರ್ಡಿನಲ್ಲಿದೆ.